ಕೈಗಳ ನಡುವೆ ಒಂದು ಕರವಸ್ತ್ರ

ಶಿಶುವಿಹಾರದ ಶಿಕ್ಷಕಿಯರ ತರಬೇತಿಗಳಿಗೆ ನನ್ನನ್ನು ಕರೆಯತೊಡಗಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಅಷ್ಟು ಹೊತ್ತಿಗೆ ಶಿಕ್ಷಕರ ಮಾಸಪತ್ರಿಕೆಯೊಂದಕ್ಕೆ ನಾನು ಸಣ್ಣ ಸಣ್ಣ ಲೇಖನಗಳನ್ನು ಬರೆಯುತ್ತಿದ್ದೆ. ಶಾಲೆಯ ಮೆಟ್ಟಿಲನ್ನು ಇನ್ನೂ ಸರಿಯಾಗಿ ಹತ್ತದ ಮಕ್ಕಳು ಮೈಬಣ್ಣವನ್ನೂ ಜಾತಿಯನ್ನೂ ಎಲ್ಲಿಂದ ಕಲಿಯುತ್ತಾರೆ, ಹೇಗೆ ಕಲಿಯುತ್ತಾರೆ ಎನ್ನುವುದೇ ವಿಷಯ. ಬೇರೆ ವಿಷಯ ನನಗೆ ಬರುತ್ತಿರಲಿಲ್ಲ. ಪ್ರತಿ ತರಬೇತಿಯಲ್ಲೂ ಕಾಫಿಗೆ ಬಿಟ್ಟಾಗ ಯಾರಾದರೊಬ್ಬರು ಲೋಟ ಹಿಡಿದು ನನ್ನ ಹತ್ತಿರ ಬರುತ್ತಿದ್ದರು.

“ಮೇಡಂ, ತಪ್ಪು ತಿಳ್ಕೋಬೇಡಿ. ಇಷ್ಟ್ ಚಿಕ್ಕ ಮಕ್ಕಳಿಗೆ ಅದೆಲ್ಲಾ ಎಲ್ಲಿ ಗೊತ್ತಾಗುತ್ತೆ? ನಾವಾಗಿ ಹೇಳಿಕೊಟ್ರೇನೇ ಗೊತ್ತಾಗೋದು. ನಮ್ಮ ಸ್ಕೂಲಲ್ಲಂತೂ ಅಂಥದ್ದೇನೂ ಇಲ್ಲ.”

ನಾನು ವಾದಕ್ಕೆ ಇಳಿಯುತ್ತಿರಲಿಲ್ಲ. ಬಿಡುವು ಮುಗಿದ ಮೇಲೆ ಒಂದು ಮಗುವಿನ ವಿಷಯ ಹೇಳುತ್ತಿದ್ದೆ. ಅಲ್ಲಿ ಸಮಯ ಸಾಲದೆ ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. ಅದನ್ನೇ ಇಲ್ಲಿ, ನಾನು ಕಂಡಷ್ಟನ್ನು, ನಿಧಾನವಾಗಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಜಯನಗರದ ಪೂರ್ವದ ಅಂಚಿನಲ್ಲಿ, ಒಂದು ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಮ್ಮ ಶಿಶುವಿಹಾರವಿತ್ತು. ಹೆಂಚಿನ ಚಾವಣಿಯ ಒಂದು ಉದ್ದನೆಯ ಕೋಣೆ, ಮುಂದೆ ಅಂಗಳ, ಅಂಗಳದಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಮರಳಿನ ಗುಂಡಿ. ಅದನ್ನು ನಡೆಸುತ್ತಿದ್ದವರು ನಡುವಯಸ್ಸು ದಾಟಿದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ, ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಶಾಲೆ ತೆರೆದಿದ್ದರು. ಮಕ್ಕಳು ಅವರನ್ನು ದೊಡ್ಡ ಮಿಸ್ ಎನ್ನುತ್ತಿದ್ದರು. ನಾನು ಅವರಿಗೆ ಸಹಾಯಕಿ, ತರಬೇತಿ ಮುಗಿಸಿ ಬಂದ ಹೊಸಬಳು. ನನ್ನನ್ನು ಮಕ್ಕಳು ಕಪ್ಪು ಮಿಸ್ ಎನ್ನುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಉದ್ದ ಮರ, ಗಿಡ್ಡ ಬಾಗಿಲು ಎನ್ನುವ ಹಾಗೆ, ಇದ್ದದ್ದನ್ನು ಹೇಳುತ್ತಿದ್ದರು. ಬನಶಂಕರಿಯಲ್ಲಿ ಅಣ್ಣನ ಮನೆಯಲ್ಲಿದ್ದೆ ಆಗ. ಶನಿವಾರ ಬಂದರೆ ಅತ್ತಿಗೆ ಕಡಲೆಹಿಟ್ಟಿಗೆ ಅರಿಶಿನ ಕಲಸಿ, ನನಗೆಂದೇ ಒಂದು ಬಟ್ಟಲು ಬಚ್ಚಲ ಗೂಡಿನಲ್ಲಿ ಇಡುತ್ತಿದ್ದರು. ಆ ಬಟ್ಟಲು ಚುಚ್ಚಿದಷ್ಟು ಮಕ್ಕಳ ಮಾತು ಎಂದೂ ಚುಚ್ಚಲಿಲ್ಲ.

ಆಗಿನ ಶಿಶುವಿಹಾರಗಳಲ್ಲೆಲ್ಲ ಮಕ್ಕಳ ಎದೆಯ ಎಡಗಡೆಗೆ ಒಂದು ಕರವಸ್ತ್ರವನ್ನು ಮಡಿಸಿ ಪಿನ್ನು ಹಾಕಿ ಕಳಿಸುತ್ತಿದ್ದರು. ಮೂಗು ಒರೆಸಲಿಕ್ಕೆ. ಜುಲೈ ತಿಂಗಳ ಜಡಿಮಳೆಯಲ್ಲಿ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ.

ಒಂದು ವರ್ಷ ಜೂನ್‌ನಲ್ಲಿ ಸೇರಿದ ಒಬ್ಬ ಹುಡುಗಿ ಸುದ್ದಗುಂಟೆಪಾಳ್ಯದಿಂದ ಬರುತ್ತಿದ್ದಳು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಸೈಕಲ್ಲಿನ ಮುಂದಿನ ಕಂಬಿಗೆ ಕಟ್ಟಿದ ಪುಟ್ಟ ಸೀಟಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಮಧ್ಯಾಹ್ನ ಅವರೇ ಬಂದು ಕರೆದುಕೊಂಡು ಹೋಗಿ, ಮನೆಯಲ್ಲಿ ಬಿಟ್ಟು, ಎರಡನೇ ಪಾಳಿಗೆ ಹೋಗುತ್ತಿದ್ದರು. ಸೇರಿಸುವ ದಿನ ದೊಡ್ಡ ಮಿಸ್ ಹತ್ತಿರ ಅವರು ಕೇಳಿಕೊಂಡದ್ದು ಇಷ್ಟೇ.

“ಓದು ಆಮೇಲೆ ಬರುತ್ತೆ ಮೇಡಂ. ನಾಲ್ಕು ಮಕ್ಕಳ ಜೊತೆ ಬೆರೀಲಿ. ನಂಗೆ ಅಷ್ಟ್ ಸಾಕು.”

ಬೆರೆಯುವುದನ್ನು ಆ ಮಗುವಿಗೆ ಕಲಿಸಬೇಕಾಗಿರಲಿಲ್ಲ. ಮಾತಾಡುವಾಗ ಎದುರಿಗಿರುವವರ ಒಂದು ಬೆರಳನ್ನು ಹಿಡಿದು, ಅದನ್ನು ಆಚೆ ಈಚೆ ತಿರುಗಿಸುತ್ತಾ ನಿಲ್ಲುವುದು ಅವಳ ಅಭ್ಯಾಸ. ನನ್ನ ಬೆರಳು ಹಿಡಿದಳು, ದೊಡ್ಡ ಮಿಸ್ ಬೆರಳು ಹಿಡಿದಳು. ಮೊದಲ ವಾರದಲ್ಲಿ ಹಾಲಿನವನು ಬಾಗಿಲಿಗೆ ಬಂದರೆ ಅವನ ಬೆರಳನ್ನೂ ಹಿಡಿದು, “ನಿಮ್ಮ ಎಮ್ಮೆ ಹೆಸರೇನು?” ಎಂದು ಕೇಳಿದ್ದಳು.

ಇನ್ನೊಬ್ಬ ಹುಡುಗ ಪಕ್ಕದ ಬೀದಿಯವನು. ಹಾಡು ಶುರುವಾದರೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವನು. ಅವನನ್ನು ಕರೆದೊಯ್ಯಲು ದಿನಾ ಅಜ್ಜಿ ಬರುತ್ತಿದ್ದರು. ಮಳೆ ಇದ್ದರೂ ಬಿಸಿಲಿದ್ದರೂ ಕೈಯಲ್ಲಿ ಛತ್ರಿ, ಸೆರಗಿನ ಕೆಳಗೆ ದೊಡ್ಡ ಮಿಸ್‌ಗೆಂದು ತಮ್ಮ ಹಿತ್ತಲ ಗಿಡದ ಕರಿಬೇವು. ಗೇಟಿನ ಹತ್ತಿರ ಕಾಯುತ್ತಾ ಅವರು ಎಲ್ಲ ತಂದೆತಾಯಿಯರನ್ನೂ ಮಾತಾಡಿಸುತ್ತಿದ್ದರು. ಹುಡುಗಿಯ ಅಪ್ಪನನ್ನೂ ಮಾತಾಡಿಸಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

“ಎಲ್ಲಿಂದ ಬರ್ತೀರಪ್ಪಾ ಅಷ್ಟು ದೂರ?”

“ಸುದ್ದಗುಂಟೆಪಾಳ್ಯ ಅಮ್ಮಾ.”

“ಓಹೋ. ಪಾಳ್ಯದಲ್ಲಿ ಯಾವ ಬೀದಿ?”

ಅವರು ಬೀದಿ ಹೇಳಿದರು. ಅಜ್ಜಿ “ಸರಿ ಸರಿ” ಎಂದು ಛತ್ರಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡರು. ಅಷ್ಟೇ ನಡೆದದ್ದು. ಕೇಳಿದ ನನಗೆ ಆಗ ಅದರಲ್ಲಿ ಏನೂ ಕಾಣಲಿಲ್ಲ.

ಬೆಳಗಿನ ಹಾಡಿಗೆ ಮಕ್ಕಳು ಅಂಗಳದಲ್ಲಿ ಕೈ ಕೈ ಹಿಡಿದು ದುಂಡಗೆ ನಿಲ್ಲುತ್ತಿದ್ದರು. ಜುಲೈನಲ್ಲಿ ಒಂದು ದಿನ ಆ ಹುಡುಗ ಹುಡುಗಿಯ ಪಕ್ಕದಲ್ಲಿ ನಿಂತವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡ.

“ನಾನು ಇವಳ ಕೈ ಹಿಡಿಯಲ್ಲ.”

“ಯಾಕಪ್ಪಾ?” ಎಂದರು ದೊಡ್ಡ ಮಿಸ್.

“ಅಂಟ್ಕೊಳ್ಳುತ್ತೆ.”

“ಏನು ಅಂಟ್ಕೊಳ್ಳುತ್ತೆ?”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹುಬ್ಬು ಗಂಟಾಗಿತ್ತು. ಆಮೇಲೆ ಹೇಳಿದ, “ಬಣ್ಣ.”

ಒಂದಿಬ್ಬರು ಮಕ್ಕಳು ನಕ್ಕರು. ಹುಡುಗಿ ತನ್ನ ಅಂಗೈ ನೋಡಿಕೊಂಡಳು, ಕೈ ಮಗುಚಿ ಹಿಂಭಾಗ ನೋಡಿಕೊಂಡಳು. ಅಳಲಿಲ್ಲ. ದೊಡ್ಡ ಮಿಸ್‌ಗೆ ಮಕ್ಕಳನ್ನು ಗದರಿಸಿ ಅಭ್ಯಾಸವಿಲ್ಲ. ಒಬ್ಬರೂ ಅಳಬಾರದು, ವೃತ್ತವೂ ಮುರಿಯಬಾರದು ಎನ್ನುವುದು ಅವರ ಆಸೆ. ಹುಡುಗನ ಎದೆಯ ಪಿನ್ನು ಬಿಚ್ಚಿ, ಕರವಸ್ತ್ರದ ಒಂದು ತುದಿಯನ್ನು ಅವನ ಕೈಗೆ, ಇನ್ನೊಂದು ತುದಿಯನ್ನು ಹುಡುಗಿಯ ಕೈಗೆ ಕೊಟ್ಟರು. “ನೋಡಿ, ಈಗ ರೈಲಿನ ಡಬ್ಬಿಗೆ ಕೊಂಡಿ ಸಿಕ್ತು!” ಎಂದರು. ಮಕ್ಕಳು ಖುಷಿಯಾಗಿ ಸುತ್ತಿದರು. ಹುಡುಗಿಯೂ ಸುತ್ತಿದಳು.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿದ್ದು, ಅಲ್ಲೇ ಉಳಿಯಿತು. ಹುಡುಗನ ಇನ್ನೊಂದು ಕೈ ನನ್ನ ಕೈಯಲ್ಲಿತ್ತು. ನಾನು ಆ ಹುಡುಗಿಗಿಂತ ಕಪ್ಪು. ನನ್ನ ಕೈಯನ್ನು ಅವನು ದಿನಾ ತಾನಾಗಿ ಬಂದು ಹಿಡಿಯುತ್ತಿದ್ದ, ಆ ದಿನವೂ ಹಿಡಿದಿದ್ದ.

ಕರವಸ್ತ್ರ ಒಂದು ದಿನಕ್ಕೆ ಮುಗಿಯಲಿಲ್ಲ. ಮಕ್ಕಳಿಗೆ ಒಂದು ಸಲ ಆದದ್ದು ನಿಯಮವಾಗುತ್ತದೆ. ಮಾರನೆಯ ದಿನದಿಂದ ಹುಡುಗಿಯ ಪಕ್ಕಕ್ಕೆ ಯಾರು ನಿಂತರೂ, “ಮಿಸ್, ಪಿನ್ ಬಿಚ್ಚಿ” ಎಂದು ನನ್ನ ಹತ್ತಿರ ಎದೆ ಮುಂದೆ ಮಾಡಿಕೊಂಡು ಬರುತ್ತಿದ್ದರು. ಅವರಲ್ಲಿ ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಆಟ ಆಡುವುದೇ ಹಾಗೆ ಎಂದುಕೊಂಡಿದ್ದರು. ಅವಳ ಎಡಕ್ಕೊಂದು ಕರವಸ್ತ್ರ, ಬಲಕ್ಕೊಂದು ಕರವಸ್ತ್ರ. ಕೆಲವು ವಾರಗಳಲ್ಲಿ ಅವಳು ಮಾತಾಡುವಾಗ ಬೆರಳು ಹಿಡಿಯುವುದನ್ನು ಬಿಟ್ಟಿದ್ದಳು. ಎರಡೂ ಕೈಗಳನ್ನು ಲಂಗದ ನೆರಿಗೆಯಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದಳು. ಮಾತೂ ಕಡಿಮೆಯಾಗಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ, ಬೇರೆ ಮಕ್ಕಳು ಬರುವ ಮುಂಚೆ, ಅವಳ ಅಪ್ಪ ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಮಗಳನ್ನು ಮರಳಿನ ಗುಂಡಿಯ ಹತ್ತಿರ ಬಿಟ್ಟು, ಬಾಗಿಲಲ್ಲಿ ನಿಂತರು. ಜಿನುಗು ಮಳೆಯಲ್ಲಿ ಅಂಗಿಯ ಭುಜ ಒದ್ದೆಯಾಗಿತ್ತು.

“ಮೇಡಂ, ಒಂದ್ ಮಾತು ಕೇಳ್ಬೇಕಿತ್ತು. ಇಲ್ಲಿ ಕರ್ಚೀಫಿಂದು ಏನಾದ್ರೂ ಆಟ ಇದೆಯಾ?”

ದೊಡ್ಡ ಮಿಸ್ ನನ್ನ ಮುಖ ನೋಡಿದರು.

“ಬನ್ನೇರುಘಟ್ಟ ರೋಡ್ ದಾಟುವಾಗ ಜಲ್ಲಿ ಲಾರಿಗಳು ಜಾಸ್ತಿ ಅಂತ ಇವಳನ್ನ ಸೈಕಲ್ಲಿಂದ ಇಳಿಸ್ತೀನಿ. ಒಂದ್ ಕೈಲಿ ಸೈಕಲ್ಲು, ಒಂದ್ ಕೈಲಿ ಇವಳು. ಈಗ ಕೈ ಕೊಡು ಅಂದ್ರೆ ಕರ್ಚೀಫ್ ತುದಿ ಕೊಡ್ತಾಳೆ. ಮೊದ್ಲು ಆಟ ಅಂದ್ಕೊಂಡೆ. ನಿನ್ನೆ ಲಾರಿ ಹತ್ರಾನೇ ಬಂದ್ಬಿಡ್ತು. ಕೈ ಎಳ್ಕೊಂಡೆ ನೋಡಿ, ಕಿರಿಚಿಬಿಟ್ಲು. ಲಾರಿಗಲ್ಲ ಮೇಡಂ, ನಾನು ಕೈ ಹಿಡಿದಿದ್ದಕ್ಕೆ. ಯಾಕಮ್ಮಾ ಅಂದ್ರೆ, ‘ಅಂಟ್ಕೊಳ್ಳುತ್ತೆ ಅಪ್ಪಾ, ನಿಂಗೆ ಅಂಟಬಾರ್ದು’ ಅಂತಾಳೆ.”

ಅವರು ತಮ್ಮ ಮುಂಗೈಯನ್ನು ಬೆಳಕಿಗೆ ಹಿಡಿದು ಅರ್ಧ ನಕ್ಕರು. “ನನ್ ಬಣ್ಣ ನೋಡಿ. ಇನ್ನೇನ್ ಅಂಟಬೇಕು ನಂಗೆ?”

ದೊಡ್ಡ ಮಿಸ್ ಏನನ್ನೂ ಮುಚ್ಚಿಡದೆ ಹೇಳಿದರು. ಹುಡುಗ ಅಂದದ್ದು, ತಾವು ಕರವಸ್ತ್ರ ಕೊಟ್ಟದ್ದು, ಅದು ಪದ್ಧತಿಯಾದದ್ದು. ಹೇಳುತ್ತಾ ಹೇಳುತ್ತಾ ಅವರ ಧ್ವನಿ ತಗ್ಗಿತು. ಆತ ಕೊನೆಯತನಕ ಕೇಳಿದರು. ಯಾವ ಹುಡುಗ ಎಂದು ಕೇಳಲಿಲ್ಲ.

“ನೀವು ಒಳ್ಳೇದಕ್ಕೇ ಮಾಡಿದ್ದೀರ ಮೇಡಂ. ಅದೇ ಕಷ್ಟ ಆಗಿರೋದು. ಬೈದಿದ್ರೆ ನಾನೂ ನಾಲ್ಕು ಬೈದು ಕರ್ಕೊಂಡು ಹೋಗ್ತಿದ್ದೆ.” ಮಗಳ ಕಡೆ ನೋಡಿದರು. “ದಸರಾ ರಜ ಬರೋ ತನಕ ನೋಡ್ತೀನಿ. ಅಷ್ಟರೊಳಗೆ ನನ್ ಮಗಳು ನಂಗೆ ಬರೀ ಕೈ ಕೊಟ್ರೆ ಸರಿ. ಇಲ್ಲಾಂದ್ರೆ ಬಿಡಿಸ್ಕೋತೀನಿ. ಬೇರೆ ಕಡೆ ಸಿಗ್ದಿದ್ರೆ ಮನೇಲೇ ಇರ್ಲಿ. ಮನೇಲಾದ್ರೂ ಕೈ ಕೈ ಹಿಡಿದು ಬೆಳೀತಾಳೆ.”

ಆ ದಿನ ನಾನು ಒಂದು ಬಕೆಟ್ ನೀರು, ಸೋಪು, ಬಿಳಿಯ ಪಂಚೆಯ ಒಂದು ತುಂಡನ್ನು ಅಂಗಳಕ್ಕೆ ತಂದೆ. ಬಣ್ಣ ಅಂಟುತ್ತದೆ ಎನ್ನುವ ಮಗುವಿಗೆ ಅಂಟುವುದಿಲ್ಲ ಎಂದು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಅದೇ ನೋಡಲಿ ಎನಿಸಿತ್ತು. ಆದರೆ ಹುಡುಗಿಯ ಕೈಯನ್ನು ಉಜ್ಜಲು ಕೊಡುವುದು ಸಾಧ್ಯವಿರಲಿಲ್ಲ. ನನ್ನ ಕೈಯನ್ನೇ ಮುಂದೆ ಚಾಚಿ ಕುಳಿತೆ.

“ಕಪ್ಪು ಮಿಸ್ ಬಣ್ಣ ಹೋಗುತ್ತಾ ನೋಡೋಣ ಬನ್ನಿ.”

ಮಕ್ಕಳು ಸಾಲು ನಿಂತರು. ಒಬ್ಬಳು ಮೆಲ್ಲನೆ ಒರೆಸಿ, “ನೋಯುತ್ತಾ ಮಿಸ್?” ಎಂದಳು. ಒಬ್ಬ ಉಗುರಿನಿಂದ ಕೆರೆದು ನೋಡಿದ. ಆ ಹುಡುಗನ ಸರದಿ ಬಂದಾಗ ಅವನು ಅಂಗಿಯ ತೋಳು ಮಡಿಸಿ, ಸೋಪು ಹಚ್ಚಿ, ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ. ಆಮೇಲೆ ಬಟ್ಟೆಯನ್ನು ಬಿಡಿಸಿ, ಎರಡೂ ಮಗ್ಗುಲು ನೋಡಿದ. ಬಟ್ಟೆ ಬೆಳ್ಳಗೇ ಇತ್ತು.

“ಹೋಗಲ್ಲ,” ಎಂದ.

“ಅಂಟಿತಾ ನಿನಗೆ?”

ತನ್ನ ಕೈ ನೋಡಿಕೊಂಡ. “ಇಲ್ಲ. ನಿಮ್ಮದು ಅಂಟಲ್ಲ ಮಿಸ್. ಅವಳದ್ದು ಅಂಟುತ್ತೆ.”

“ಅವಳದ್ದು ಮಾತ್ರ ಅಂಟುತ್ತೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ.” ದಡ್ಡರಿಗೆ ಬಿಡಿಸಿ ಹೇಳುವ ತಾಳ್ಮೆ ಅವನ ಮುಖದಲ್ಲಿತ್ತು. “ಅಂಟದಿದ್ರೆ ಅಜ್ಜಿ ಯಾಕೆ ಸ್ನಾನ ಮಾಡಿಸ್ತಾರೆ?”

ಅವನೇ ಮುಂದುವರಿಸಿದ. “ಅವಳನ್ನ ಮುಟ್ಟಿದ್ರೆ ಹಿತ್ತಲಲ್ಲಿ ಸ್ನಾನ. ಮುಟ್ಟಿಲ್ಲಾಂದ್ರೆ ಬರೀ ಬಟ್ಟೆ ಬದಲಾಯ್ಸೋದು. ತಣ್ಣೀರು ಮಿಸ್! ಹಂಡೆ ನೀರು ಅಷ್ಟೊತ್ತಿಗೆ ಆರೋಗಿರುತ್ತೆ. ಹಿಂಗೆ, ಹಿಂಗೆ ನಡುಕ ಬರುತ್ತೆ.” ಭುಜ ಕುಣಿಸಿ ನಡುಗಿ ತೋರಿಸಿದ. ಮಕ್ಕಳು ನಕ್ಕರು. ಅವನೂ ನಕ್ಕ.

ಹಾಗಾದರೆ ಬಣ್ಣ ಎನ್ನುವುದು ಅವನದೇ ಶೋಧ. ಮುಟ್ಟಿದರೆ ಸ್ನಾನ ಎಂದು ಮನೆಯಲ್ಲಿ ಕಲಿತಿದ್ದ. ಯಾಕೆ ಎಂದು ಯಾರೂ ಹೇಳಿರಲಿಲ್ಲ. ಸ್ನಾನದಿಂದ ಹೋಗುವಂಥದ್ದು ಏನೋ ಅಂಟಿರಬೇಕು, ಅವಳಲ್ಲಿ ಕಣ್ಣಿಗೆ ಕಾಣುವುದು ಬಣ್ಣ ಎಂದು ನಾಲ್ಕು ವರ್ಷದ ತಲೆ ಲೆಕ್ಕ ಹಾಕಿತ್ತು. ನನ್ನನ್ನು ಮುಟ್ಟಿದರೆ ಸ್ನಾನವಿಲ್ಲ, ಆದ್ದರಿಂದ ನನ್ನ ಬಣ್ಣ ಅಂಟುವುದಿಲ್ಲ. ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದೆ. ಬಣ್ಣದ ಮಾತಿಗಾದರೆ ನನ್ನ ಹತ್ತಿರ ಬಕೆಟ್ ನೀರಿತ್ತು. ಅವನ ಪ್ರಶ್ನೆಗೆ ಆ ಮಗುವಿಗೆ ಅರ್ಥವಾಗುವ, ಅವನ ಅಜ್ಜಿಯನ್ನು ಅವನಿಂದ ಕಿತ್ತುಕೊಳ್ಳದ ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಬರೆದದ್ದೆಲ್ಲ ಆ ಉತ್ತರವನ್ನು ಹುಡುಕಿಕೊಂಡೇ. ಪೂರ್ತಿ ಸಿಕ್ಕಿದೆ ಎಂದು ಹೇಳಲಾರೆ.

ಹುಡುಗಿ ಮರಳಿನ ಗುಂಡಿಯಲ್ಲಿ ಕುಳಿತಿದ್ದಳು. ಮಾತು ಕೇಳಿಸುವಷ್ಟು ಹತ್ತಿರ. ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಮರಳು ಸುರಿಯುತ್ತಿದ್ದಳು. ತಲೆ ತಗ್ಗಿಸಿದ್ದರಿಂದ ಮುಖ ಕಾಣಲಿಲ್ಲ.

ಮಧ್ಯಾಹ್ನ ಅಜ್ಜಿ ಬಂದಾಗ ದೊಡ್ಡ ಮಿಸ್ ತಾವೇ ಗೇಟಿಗೆ ಹೋಗಿ ಸ್ನಾನದ ವಿಷಯ ಎತ್ತಿದರು. ನಾನು ಮಕ್ಕಳ ಚಪ್ಪಲಿ ಹೊಂದಿಸುತ್ತಾ ಅಲ್ಲೇ ಇದ್ದೆ. ಇಬ್ಬರೂ ಒಂದೇ ಜಾತಿಯವರು, ಒಂದೇ ಮಠಕ್ಕೆ ನಡೆದುಕೊಳ್ಳುವವರು. ಬಳಕೆಯ ಸಲಿಗೆ ಇತ್ತು.

“ನಾನು ಯಾರಿಗಾದ್ರೂ ಒಂದು ಮಾತು ಅಂದಿದ್ದೀನೇನೇ?” ಎಂದರು ಅಜ್ಜಿ. “ಆ ಮಗೂನ ನಾನು ಬೈದಿಲ್ಲ, ಅವರಪ್ಪನ್ನ ನಗುನಗ್ತಾ ಮಾತಾಡಿಸ್ತೀನಿ. ನಮ್ಮನೆ ಪದ್ಧತಿ, ನಮ್ಮನೆ ಹಿತ್ತಲಲ್ಲಿ. ಅದರಿಂದ ಯಾರಿಗೇನು ತೊಂದರೆ?”

“ಅಲ್ಲ, ನಾನು ದಿನಾ ಆ ಮಗೂನ ಎತ್ಕೋತೀನಿ. ಅದೇ ಕೈಲಿ ನಿಮ್ಮ ಮೊಮ್ಮಗನ ಮೂಗು ಒರೆಸ್ತೀನಿ. ಅದೇ ಕೈಲಿ ನಿಮ್ಮ ಕರಿಬೇವು ಇಸ್ಕೊಂಡು ಸಾರಿಗೆ ಒಗ್ಗರಣೆ ಹಾಕ್ತೀನಿ. ಈಗ ಯಾರ್ಯಾರಿಗೆ ಸ್ನಾನ ಮಾಡಿಸ್ತೀರೋ ಹೇಳ್ಬಿಡಿ, ನಾನೂ ಬಂದು ಸಾಲಲ್ಲಿ ನಿಂತ್ಕೋತೀನಿ.”

“ನಿನಗೆ ತಮಾಷೆ.” ಅಜ್ಜಿ ನಗಲು ಹೋಗಿ ನಿಲ್ಲಿಸಿದರು. “ನಮ್ಮಮ್ಮ ನನಗೆ ಹೀಗೇ ಮಾಡಿದ್ದು ಕಣೇ. ಯಾಕೆ ಅಂತ ನಾನೂ ಕೇಳಿಲ್ಲ. ಈ ವಯಸ್ಸಲ್ಲಿ ಬಿಡು ಅಂದ್ರೆ ನನ್ನ ಕೈಲಾಗಲ್ಲ.”

“ನೀವು ಬಿಡಿ ಅಂತ ನಾನು ಹೇಳ್ತಿಲ್ಲ. ನಾಳೆಯಿಂದ ನನ್ನ ಶಾಲೇಲಿ ಕರ್ಚೀಫು ಮೂಗಿಗೆ ಮಾತ್ರ. ಹುಡುಗರು ಕೈ ಕೈ ಹಿಡೀತಾರೆ. ಒಪ್ಪಿದ್ರೆ ಕಳಿಸಿ.”

ದೊಡ್ಡ ಮಿಸ್ ಧ್ವನಿ ಏರಿಸಿರಲಿಲ್ಲ. ಒಳಗೆ ಬಂದವರು ಕುರ್ಚಿಯಲ್ಲಿ ಕುಳಿತು ನೀರು ಕೇಳಿದರು. ಅಜ್ಜಿಯ ಬೀದಿಯಿಂದ ಇನ್ನೂ ಕೆಲವು ಮಕ್ಕಳು ಬರುತ್ತಿದ್ದರು, ಆ ಎಲ್ಲ ಮನೆಗಳಲ್ಲೂ ಅವರ ಮಾತು ನಡೆಯುತ್ತಿತ್ತು. ಶಾಲೆ ಮುಚ್ಚಬೇಕಾಗಿ ಬರಬಹುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹುಡುಗ ಕೆಲವು ದಿನ ಬರಲಿಲ್ಲ. ಬೇರೆ ಮಕ್ಕಳು ಬಂದರು. ಕರವಸ್ತ್ರಗಳು ಎದೆಯ ಮೇಲೇ ಉಳಿದವು. ಪಿನ್ನು ಬಿಚ್ಚಿ ಎಂದು ಬಂದವರಿಗೆ ನಾನು “ಆ ಆಟ ಮುಗೀತು” ಎಂದೆ. ಮಕ್ಕಳು ಅದನ್ನೂ ನಿಯಮವೆಂದು ಒಪ್ಪಿಕೊಂಡರು. ಆದರೆ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ವೃತ್ತದ ಹೊರಗೆ ನಿಲ್ಲತೊಡಗಿದಳು.

ಒಂದು ಸೋಮವಾರ ಹುಡುಗ ಮರಳಿ ಬಂದ. ಅಜ್ಜಿ ಗೇಟಿನಿಂದಲೇ ಬಿಟ್ಟು, ಯಾರನ್ನೂ ಮಾತಾಡಿಸದೆ ಹೋದರು. ಮನೆಯಲ್ಲಿ ಏನು ನಡೆಯಿತೋ ನಮಗೆ ತಿಳಿಯಲಿಲ್ಲ. ಹಾಡಿನ ಹೊತ್ತಿಗೆ ಅವನು ನೆಟ್ಟಗೆ ಹುಡುಗಿಯ ಮುಂದೆ ಹೋಗಿ ನಿಂತ.

“ಇವತ್ತು ನಂಗೆ ಸ್ನಾನ,” ಎಂದು ಎಲ್ಲರಿಗೂ ಕೇಳುವಂತೆ ಸಾರಿ, ಕೈ ಚಾಚಿದ.

ಅವಳು ತಲೆ ಅಲ್ಲಾಡಿಸಿದಳು.

“ಕೊಡೇ! ನಂಗೇನ್ ಭಯ ಇಲ್ಲ.”

“ಬೇಡ,” ಎಂದಳು ಅವಳು. “ನಿಂಗೆ ತಣ್ಣೀರು ಹಾಕ್ತಾರೆ.”

ಅವಳು ಮುನಿಸಿಕೊಂಡು ಕೈ ಅಡಗಿಸಿದ್ದಾಳೆ ಎಂದು ನಾನು ತಿಳಿದಿದ್ದೆ. ಅದಲ್ಲ. ತನ್ನ ಕೈಯಿಂದ ಇನ್ನೊಬ್ಬರಿಗೆ ಕೇಡಾಗುತ್ತದೆ ಎಂದು ನಂಬಿ, ಅವರನ್ನೆಲ್ಲ ಕಾಪಾಡುತ್ತಿದ್ದಳು. ಅಪ್ಪನನ್ನು, ಈ ಹುಡುಗನನ್ನು, ಬಹುಶಃ ನನ್ನನ್ನೂ.

ಹುಡುಗ ಮಾತ್ರ ಅವಳ ಗಿಡ್ಡ ಜಡೆಯ ರಿಬ್ಬನ್ ತುದಿಯನ್ನು ಒಮ್ಮೆ ಮುಟ್ಟಿ, “ಈಗ ಆಯ್ತು, ಮುಟ್ಟಿಬಿಟ್ಟೆ” ಎಂದು ಓಡಿದ. ಆ ದಿನ ಅವನಿಗೆ ಸ್ನಾನವಾಯಿತೋ ಇಲ್ಲವೋ ಗೊತ್ತಿಲ್ಲ. ಮಾರನೆಯ ದಿನವೂ ಬಂದ, ಮೂಗು ಎಂದಿನಂತೆ ಸೋರುತ್ತಿತ್ತು.

ಸೆಪ್ಟೆಂಬರ್ ಪೂರ್ತಿ ಹಾಡಿನ ಹೊತ್ತಿಗೆ ನಾನು ಹುಡುಗಿಯ ಪಕ್ಕದಲ್ಲಿ, ವೃತ್ತದ ಹೊರಗೆ ನಿಂತೆ. ಕೈಯನ್ನು ತೆರೆದು ಪಕ್ಕಕ್ಕೆ ಇಳಿಬಿಟ್ಟಿರುತ್ತಿದ್ದೆ, ಕೊಡು ಎನ್ನುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದೆ, “ನನಗೆ ಯಾರೂ ತಣ್ಣೀರು ಹಾಕಲ್ಲ ಪುಟ್ಟಿ.” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗೊತ್ತಿಲ್ಲ ಮಿಸ್” ಎಂದಳು. ದೊಡ್ಡ ಮಿಸ್ ಎತ್ತಿಕೊಂಡರೆ ಮರದ ಗೊಂಬೆಯಂತೆ ಸೆಟೆದುಕೊಳ್ಳುತ್ತಿದ್ದಳು. ಎಲ್ಲರೂ ಒಂದೇ, ಎಲ್ಲರೂ ದೇವರ ಮಕ್ಕಳು ಎಂದು ನಾವು ಹೇಳಿದ ಕಥೆಗಳನ್ನು ಅವಳು ಕೇಳಿದಳು, ಕೈ ನೆರಿಗೆಯೊಳಗೇ ಇತ್ತು. ಅಂಥ ಮಾತುಗಳು ಆಡುವವರಿಗೆ ಸಮಾಧಾನ ಕೊಡುತ್ತವೆ. ಅವಳ ಕೈಗೆ ಅವು ತಲುಪುತ್ತಿರಲಿಲ್ಲ.

ದಸರಾ ರಜಕ್ಕೆ ಮುಂಚಿನ ಕೊನೆಯ ದಿನ ಅವಳ ಅಪ್ಪ ಬಾಗಿಲಲ್ಲಿ ನಿಂತರು. ನಾವು ಕೇಳುವ ಮುಂಚೆಯೇ “ಇಲ್ಲ ಮೇಡಂ” ಎಂದರು. ಅವರಿಗೆ ಸಿಟ್ಟಿರಲಿಲ್ಲ. ದೊಡ್ಡ ಮಿಸ್ ಇನ್ನೊಂದು ಸ್ವಲ್ಪ ದಿನ ನೋಡಿ ಎಂದರು. ಆತ “ಮನೇಲಿ ಇವಳಮ್ಮಂಗೆ ದಿನ ತುಂಬಿದೆ. ಅದೊಂದು ಆಗ್ಲಿ, ಹೇಳ್ತೀನಿ” ಎಂದು ಮಗಳ ಸ್ಲೇಟು, ತಟ್ಟೆ, ಒಂದು ಜೊತೆ ಹೆಚ್ಚಿನ ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು. ರಜಕ್ಕೆ ಹೋಗುವ ಮಕ್ಕಳು ತಟ್ಟೆ ಒಯ್ಯುವುದಿಲ್ಲ.

ಹಬ್ಬ ಕಳೆದ ಮೇಲೆ ಗಂಡು ಮಗು ಹುಟ್ಟಿದೆ ಎಂದು ಸುದ್ದಿ ಬಂತು. ದೊಡ್ಡ ಮಿಸ್ ಒಂದು ಪುಟ್ಟ ಉಣ್ಣೆಯ ಟೋಪಿ ಹೆಣೆದರು. ನಾವಿಬ್ಬರೂ ಬನ್ನೇರುಘಟ್ಟ ರಸ್ತೆ ದಾಟಿ, ತೋಟಗಳ ನಡುವಿನ ಮಣ್ಣಿನ ದಾರಿಯಲ್ಲಿ ನಡೆದೆವು.

“ಬಾಣಂತಿ ಮನೆ, ಅದರ ಮೇಲೆ ಈ ಬೀದಿ,” ಎಂದರು ದೊಡ್ಡ ಮಿಸ್. “ಆ ಅಜ್ಜಿ ಏನಾದ್ರೂ ನೋಡಿದ್ರೆ ಇವತ್ತು ನನಗೆ ಎರಡು ಸ್ನಾನ ಕಣಮ್ಮ.” ನಕ್ಕರು. ಆದರೆ ಸೆರಗನ್ನು ಎರಡೆರಡು ಸಲ ಸರಿಮಾಡಿಕೊಂಡರು. ಅಂಥ ಮನೆಯೊಂದರ ಹೊಸ್ತಿಲನ್ನು ಅವರು ದಾಟುತ್ತಿದ್ದದ್ದು ಅದೇ ಮೊದಲು.

ಸುಣ್ಣ ಬಳಿದ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಗೂಡಿನಲ್ಲಿ ಒಂದು ಮೇಣದಬತ್ತಿ. ಅಪ್ಪ ತಾವೇ ಕಾಫಿ ಮಾಡಿ ತಂದರು. ಲೋಟವನ್ನು ದೊಡ್ಡ ಮಿಸ್ ಮುಂದೆ ಇಟ್ಟು, ಒಂದು ಹೆಜ್ಜೆ ಹಿಂದೆ ನಿಂತರು. ದೊಡ್ಡ ಮಿಸ್ ಲೋಟ ಎತ್ತಿಕೊಂಡರು. ಕಚ್ಚಿ ಕುಡಿದರು, ಪೂರ್ತಿ ಕುಡಿದರು. “ಸಕ್ಕರೆ ಸ್ವಲ್ಪ ಮುಂದಾಯ್ತು” ಎಂದರು.

“ಗಂಡಸರ ಕೈ ಕಾಫಿ ಮೇಡಂ, ಹಂಗೇ,” ಎಂದರು ಆತ. ಮೊದಲ ಸಲ ಅವರು ಪೂರ್ತಿ ನಕ್ಕಿದ್ದು ಆಗ.

ಒಳಕೋಣೆಯಲ್ಲಿ ಬಾಣಂತಿ ಗೋಡೆಗೆ ಒರಗಿ ಕುಳಿತಿದ್ದಳು. ಕೆಳಗೆ ಹಳೆಯ ಸೀರೆಯ ಹಾಸಿನ ಮೇಲೆ ಕೂಸು. ಕೂಸಿನ ಪಕ್ಕದಲ್ಲಿ ನಮ್ಮ ಹುಡುಗಿ, ಸೊಂಟ ಬಾಗಿಸಿ, ಒಂದು ಕೈಯನ್ನು ಮುಂದೆ ಚಾಚಿ, ಕದಲದೆ ಕುಳಿತಿದ್ದಳು. ಅವಳ ತೋರುಬೆರಳು ಕೂಸಿನ ಮುಷ್ಟಿಯಲ್ಲಿತ್ತು.

“ಮೊದ್ಲು ಹತ್ರಾನೇ ಬರ್ತಿರ್ಲಿಲ್ಲ ಮಿಸ್,” ಎಂದಳು ತಾಯಿ ಪಿಸುದನಿಯಲ್ಲಿ. “ಕೈ ಹಿಂದಕ್ಕಿಟ್ಕೊಂಡು ದೂರದಿಂದ ನೋಡೋಳು. ನೆನ್ನೆ ನೊಣ ಕೂತಿತ್ತು ಅಂತ ಓಡಿಸೋಕ್ ಬಗ್ಗಿದ್ಲು. ಅವನೇ ಹಿಡ್ಕೊಂಬಿಟ್ಟ. ಬಿಡಿಸ್ಕೊಳ್ಳೋಕೆ ಅತ್ಲು, ಬಿಡ್ಲಿಲ್ಲ ಅವನು. ಆಮೇಲೆ ಅವನಿಗೆ ಏನಾಗುತ್ತೋ ಅಂತ ನೋಡ್ತಾ ಕೂತ್ಲು. ಇವತ್ತು ಬೆಳಗ್ಗೆಯಿಂದ ಹಂಗೇ ಕೂತವ್ಳೆ.”

ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ನಾನು ತಿರುಗಿ ನೋಡಿದಾಗ ಅವರು ಬೇರೆ ಕಡೆ ನೋಡುತ್ತಾ, “ಸ್ಕೂಲ್ ಶುರುವಾದ್ ದಿನಾನೇ ಕರ್ಕೊಂಡು ಬರ್ತೀನಿ ಮೇಡಂ” ಎಂದರು.

ನಾನು ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ. ಅವಳು ನನ್ನನ್ನು ನೋಡಿದಳೇ ಹೊರತು ಅಲುಗಲಿಲ್ಲ. ಬಹಳ ಹೊತ್ತಿನಿಂದ ಚಾಚಿದ್ದ ತೋಳು ಸಣ್ಣಗೆ ನಡುಗುತ್ತಿತ್ತು.

“ಕೈ ನೋಯುತ್ತಾ ಪುಟ್ಟಿ? ಬಿಡಿಸ್ಲಾ?” ಎಂದೆ.

“ಬೇಡ ಮಿಸ್,” ಎಂದಳು ಅವಳು. “ಮಲಗಿದ್ದಾನೆ.”